ಅಪ್‌ಡೇಟ್: ಊಟ ಬಿಟ್ಟಿದ್ದ ನಮ್ಮ ಪ್ಯಾಕ್‌ಮ್ಯಾನ್ ಕಪ್ಪೆ

ನಮ್ಮ ಪ್ಯಾಕ್‌ಮ್ಯಾನ್ (ದೊಡ್ಡ ಬಾಯಿಯ, ದುಂಡಗಿನ ಸಾಕು ಕಪ್ಪೆ) ಮೂರು ವಾರದಿಂದ ಏನೂ ತಿಂದಿಲ್ಲ, ಮೈಮೇಲೆ ಒಣ ಪೊರೆ ಕಟ್ಟಿದೆ, ಸಾಯುತ್ತಿದೆಯಾ ಅಂತ ನಿಮ್ಮನ್ನೆಲ್ಲ ಇಲ್ಲಿ ಕೇಳಿದ್ದೆ. ಸಾಯುತ್ತಿರಲಿಲ್ಲ, ಮಲಗಿತ್ತು!

ಇಲ್ಲಿ ಷಿಕಾಗೋದಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದರೆ ಮನೆಯ ಗಾಳಿಯೆಲ್ಲ ಒಣಗಿಬಿಡುತ್ತದೆ. ನೀವು ಹೇಳಿದ ಹಾಗೆ ಅಳೆದೆ. ಕಪ್ಪೆಯ ಗಾಜಿನ ತೊಟ್ಟಿಯೊಳಗೆ ತೇವಾಂಶ ಬರೀ 35%, ಶಾಖ 19 ಡಿಗ್ರಿ. ಈ ಕಪ್ಪೆಯ ತವರು ದಕ್ಷಿಣ ಅಮೆರಿಕದ ಗ್ರಾನ್ ಚಾಕೊ ಬಯಲು. ಮಳೆಯಿಲ್ಲದ ತಿಂಗಳುಗಳಲ್ಲಿ ಮಣ್ಣಲ್ಲಿ ಹೂತುಕೊಂಡು, ತನ್ನ ಹಳೇ ಚರ್ಮವನ್ನೇ ಹೊದ್ದು ಮಳೆಗೆ ಕಾಯುತ್ತದೆ. ನಮ್ಮದೂ ಅದನ್ನೇ ಮಾಡಿತ್ತು, ಪಾಪ.

ತೊಟ್ಟಿಯ ತಳದ ಜಲ್ಲಿ ತೆಗೆದೆ. ಹುಳುವಿನ ಜೊತೆ ಕಲ್ಲು ನುಂಗಿದರೆ ಹೊಟ್ಟೆ ಕಟ್ಟುತ್ತದೆ. ಒದ್ದೆ ತೆಂಗಿನ ನಾರಿನ ಪುಡಿ ನಾಲ್ಕಿಂಚು ಹಾಕಿದೆ. ತೊಟ್ಟಿ ಬಿಸಿ ಮಾಡುವ ಹೀಟ್ ಮ್ಯಾಟನ್ನು ತಳದಿಂದ ಪಕ್ಕದ ಗಾಜಿಗೆ ಬದಲಿಸಿ, ಥರ್ಮೋಸ್ಟಾಟ್ 26 ಡಿಗ್ರಿಗೆ ಇಟ್ಟೆ. ಕ್ಲೋರಿನ್ ತೆಗೆದ ನೀರಲ್ಲಿ, ಮೂಗು ಮುಳುಗದಷ್ಟು, ಕಪ್ಪೆಯನ್ನು ಕೂರಿಸಿದೆ. ಪೊರೆಯನ್ನು ನಾನು ಕೀಳಲಿಲ್ಲ. ಎರಡು ದಿನಕ್ಕೆ ತಾನೇ ಬಿಟ್ಟಿತು, ಅದನ್ನೂ ನುಂಗಿತು!

ಆರನೇ ದಿನ ಎರೆಹುಳು ತಿಂದಿತು. ಜೊತೆಗೆ ನನ್ನ ಬೆರಳಿಗೂ ಬಾಯಿ ಹಾಕಿತು. ಇಕ್ಕಳ ಬಳಸಿ ಅಂದಿದ್ರಿ, ಕೇಳಬೇಕಿತ್ತು ಅಲ್ವಾ? ಡಾಕ್ಟರ್ ಕಪ್ಪೆಯ ಮೂಳೆ ಸರಿಯಿದೆ ಅಂದರು. ಈಗ ವಾರಕ್ಕೊಂದೇ ಊಟ, ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುತ್ತೇನೆ. ಇಲಿಮರಿ ಸದ್ಯಕ್ಕೆ ಬೇಡ, ಆಗಲೇ ದುಂಡಗಿದೆ.