ಒಂದೇ ಬೋಟು, ಒಂದೇ ಕಪ್ಪೆ: ಗೆಳೆಯನಿಗೆ ಕೊರವ ಮೀನು ಸಿಗುತ್ತೆ, ನನಗೆ ಬರೀ ಸದ್ದು

(ಗಾಳ ಹಾಕುವವರ ಆನ್‌ಲೈನ್ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಹೊಸಗಾಳ (ಮಂಡ್ಯ), ಭಾನುವಾರ ರಾತ್ರಿ

ತಲೆ ಕೆಟ್ಟುಹೋಗಿದೆ. ಇದು ಮೂರನೇ ಭಾನುವಾರ. ನಾನು, ನನ್ನ ಗೆಳೆಯ ಬೆಳಿಗ್ಗೆ ಆರಕ್ಕೇ ಬೋಟ್ ಹತ್ತಿದೆವು. ಕೆರೆ ತುಂಬಾ ತಾವರೆ ಎಲೆ, ಅಂಚಿಗೆ ಜೊಂಡು. ಮೀನನ್ನು ಸೆಳೆಯಲು ಗಾಳ ಇರುವ ಟೊಳ್ಳು ರಬ್ಬರ್ ಕಪ್ಪೆ, ಇಬ್ಬರದೂ ಒಂದೇ ಥರದ್ದು, ಬಣ್ಣ ಕೂಡ ಒಂದೇ. ನನ್ನ ಕಪ್ಪೆಗೆ ಏಳು ಸಲ ಮೀನು ಹೊಡೆಯಿತು. ಬಾವಿಗೆ ಕೊಡ ಬಿದ್ದ ಹಾಗೆ ಸದ್ದು. ಎಳೆದರೆ ಒಂದು ಕ್ಷಣ ಭಾರ ಗೊತ್ತಾಗುತ್ತೆ, ಆಮೇಲೆ ಖಾಲಿ. ಏಳಕ್ಕೆ ಏಳೂ ಹೋಯಿತು. ಅವನಿಗೆ ಹೊಡೆದಿದ್ದು ನಾಲ್ಕು, ಸಿಕ್ಕಿದ್ದು ಮೂರು. ಎದುರಿಗೆ ಕೂತು ಚಿತ್ರಾನ್ನ ತಿನ್ನುತ್ತಾ ನಗುತ್ತಾನೆ.

ರಾಡ್ ಏಳು ಅಡಿ, ಮೀಡಿಯಂ ಹೆವಿ. ಬೇಟ್‌ಕಾಸ್ಟರ್ ರೀಲ್. 40 ಪೌಂಡ್ ಬ್ರೇಡ್ (ಹೆಣೆದ ದಾರ). ಗಾಳ ಚೂಪಾಗೇ ಇದೆ, ಉಗುರಿನ ಮೇಲೆ ಇಟ್ಟು ನೋಡಿದ್ದೇನೆ. ಇನ್ನೇನು ಮಾಡಲಿ?

ಕಪ್ಪೆರಾಯ

ಅವಸರ ಗುರು, ಬೇರೇನಿಲ್ಲ. ಸದ್ದು ಕೇಳಿದ ಕೂಡಲೇ ಎಳೆಯುತ್ತಿದ್ದೀಯ. ಅದು ಇನ್ನೂ ಕಪ್ಪೆಯನ್ನು ಬಾಯಿಗೆ ಸರಿಯಾಗಿ ತೆಗೆದುಕೊಂಡೇ ಇರಲ್ಲ. ಹೊಡೆದ ಮೇಲೆ ಒಂದು, ಎರಡು ಅಂತ ಎಣಿಸು. ರಾಡ್ ತುದಿ ಇಳಿಸು, ದಾರ ಬಿಗಿ ಮಾಡು, ಆಮೇಲೆ ಎತ್ತು.

ಹೊಸಗಾಳ

ಎಣಿಸಿದೆ ಅಣ್ಣ. ಎರಡೂ ಎಣಿಸಿದೆ, ಮೂರೂ ಎಣಿಸಿದೆ. ಅಮೆರಿಕದವರು ಬಾಸ್ ಮೀನು ಹಿಡಿಯುವ ವಿಡಿಯೋ ನೋಡಿಯೇ ಕಲಿತಿದ್ದು.

ಕಪ್ಪೆರಾಯ

ಅಲ್ಲೇ ಇರೋದು ತಪ್ಪು. ಅವರು ಹಿಡಿಯುವುದು ಲಾರ್ಜ್‌ಮೌತ್ ಬಾಸ್. ಅದು ಬಾಯಿ ಅಗಲ ಮಾಡಿ ನೀರಿನ ಜೊತೆ ಕಪ್ಪೆಯನ್ನೂ ಒಳಗೆ ಎಳೆದುಕೊಳ್ಳುತ್ತೆ. ನಮ್ಮ ಕೊರವ ಹಾಗಲ್ಲ, ಕಚ್ಚಿ ಹಿಡಿದುಕೊಳ್ಳುತ್ತೆ. ಬಾಯಿ ತುಂಬಾ ಹಲ್ಲು, ದವಡೆ ಗಟ್ಟಿ ಮೂಳೆ. ಗಾಳ ಒಳಗೆ ಇಳಿಯಬೇಕಾದರೆ ಕಪ್ಪೆ ಮೊದಲು ಚಪ್ಪಟೆಯಾಗಬೇಕು. ನಾಲ್ಕು ಎಣಿಸಿ ನೋಡು.

ತೂಬಿನ ಹತ್ತಿರ

ಇಬ್ಬರೂ ರಾಡ್ ಬದಲಾಯಿಸಿಕೊಂಡು ನೋಡಿದಿರಾ?

ಕಬಿನಿ ಕಾಕ (ಮೈಸೂರು)

ನಾಲ್ಕು ಎಣಿಸಿದರೆ ಮೀನು ನಂಜನಗೂಡಿಗೆ ಹೋಗಿ ಊಟ ಮುಗಿಸಿಕೊಂಡು ಬಂದಿರುತ್ತೆ. ನಾನು ಸದ್ದಿನ ಜೊತೆಗೇ ಎತ್ತುತ್ತೇನೆ. 30 ವರ್ಷದಿಂದ ಹಾಗೇ. ಅಂದಹಾಗೆ ನನ್ನ ಹತ್ತಿರ ಈಗಲೂ ಕೆಂಪು ಅಂಬಾಸಡರ್ 5000 ರೀಲ್ ಇದೆ. ಒಂದು ಸಲವೂ ಕೈ ಕೊಟ್ಟಿಲ್ಲ. ಈಗಿನ ಹುಡುಗರ ಹತ್ತು ಬೇರಿಂಗಿನ ರೀಲ್ ಎರಡು ಮಳೆಗಾಲ ತಡೆಯಲ್ಲ.

ಕಪ್ಪೆರಾಯ

ಕಾಕ, ನೀವು ಹಿಡಿಯುತ್ತಿದ್ದುದು ಗಾಳ ಕಟ್ಟಿದ ಮಿನುಗುವ ಲೋಹದ ಬಿಲ್ಲೆಯಲ್ಲಿ. ಕಪ್ಪೆ ಬೇರೆ, ಬಿಲ್ಲೆ ಬೇರೆ. ಬಿಲ್ಲೆಯ ಗಾಳ ಬಯಲಲ್ಲೇ ನೇತಾಡುತ್ತೆ. ಕಪ್ಪೆಯದು ಬೆನ್ನಿಗೆ ಅಂಟಿಕೊಂಡಿರುತ್ತೆ.

ಏರಿಮೇಲೆ

ಮೊದಲು ಒಂದು ಮಾತು. ಮಳೆಗಾಲದಲ್ಲಿ ಕೊರವ ಮರಿ ಕಾಯುತ್ತಿರುತ್ತೆ. ನೀರಿನ ಮೇಲೆ ಕೆಂಪಗೆ, ಬುಗ್ಗೆ ಥರ ಕುದಿಯುವ ಮರಿಗುಂಪು ಕಂಡರೆ ಅಲ್ಲಿ ಎಸೆಯಬೇಡಿ. ಕೆಳಗೆ ತಾಯಿ ತಂದೆ ಇರುತ್ತವೆ. ಅವು ಹಸಿವಿಗೆ ಹೊಡೆಯಲ್ಲ, ಕಪ್ಪೆಯನ್ನು ಓಡಿಸಲು ಮೂತಿಯಲ್ಲಿ ಗುದ್ದುತ್ತವೆ. ಗಾಳಕ್ಕೆ ಸಿಗದಿರುವುದಕ್ಕೆ ಅದೂ ಕಾರಣ ಇರಬಹುದು. ಆಮೇಲೆ ಆ ಕೆರೆ ಯಾರಿಗೆ ಗುತ್ತಿಗೆ ಆಗಿದೆ, ಅವರನ್ನು ಕೇಳಿದ್ದೀರಾ?

ಹೊಸಗಾಳ

ಗುತ್ತಿಗೆದಾರರು ಗೊತ್ತಿರುವವರೇ, ಕೇಳಿಯೇ ಇಳಿಯುವುದು. ಮರಿಗುಂಪು ಎಲ್ಲೂ ಇರಲಿಲ್ಲ. ಇದ್ದಿದ್ದರೆ ಗೆಳೆಯನಿಗೂ ಗುದ್ದಬೇಕಿತ್ತಲ್ಲ? ಅವನು ತೆಪ್ಪದ ಆ ಕಡೆ ಕೂತಿದ್ದ, ಅಷ್ಟೇ ವ್ಯತ್ಯಾಸ.

ಕಬಿನಿ ಕಾಕ

ತೆಪ್ಪಾನಾ? ನೀನು ಬೋಟ್ ಅಂದಿದ್ದೆ!

ಹೊಸಗಾಳ

ಫೈಬರ್ ತೆಪ್ಪ. ಬೋಟೇ ಅಲ್ವಾ ಅದು?

ಕಬಿನಿ ಕಾಕ

ಸಿಕ್ಕಿತು ಕಾರಣ. ದುಂಡಗಿನ ತೆಪ್ಪಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ನೀನು ಜೋರಾಗಿ ಎಳೆದರೆ ಮೀನು ನಿನ್ನ ಕಡೆ ಬರಲ್ಲ, ತೆಪ್ಪವೇ ಮೀನಿನ ಕಡೆ ತಿರುಗುತ್ತೆ. ಎಳೆದ ಬಲ ಅರ್ಧ ಅಲ್ಲೇ ಹೋಯಿತು. ಗೆಳೆಯ ಹುಟ್ಟು ಹಾಕುತ್ತಾ ಕೂತವನು, ಹುಟ್ಟನ್ನು ನೀರಲ್ಲಿ ಊರಿರುತ್ತಾನೆ, ಅವನಿಗೆ ಸಿಗುತ್ತೆ. ಕಲ್ಲು ಕಟ್ಟಿ ಲಂಗರು ಹಾಕಿ.

ಮದ್ದೂರ್_ವಡೆ

ಅದು ತೆಪ್ಪ ಅಲ್ಲ, ಹರಿಗೋಲು. ತೆಪ್ಪ ಅಂದರೆ ಮರದ ದಿಮ್ಮಿ ಅಥವಾ ಬಾಳೆ ದಿಂಡು ಕಟ್ಟಿ ಮಾಡಿದ್ದು. ತೆಪ್ಪೋತ್ಸವ ಕೇಳಿಲ್ಲವಾ?

ಕಬಿನಿ ಕಾಕ

ಪುಸ್ತಕದಲ್ಲಿ ಹರಿಗೋಲು. ನದಿ ಮೇಲೆ ತೆಪ್ಪ. ನಮ್ಮ ಕಡೆ ಹೊಳೆ ದಾಟಿಸುವವರನ್ನು ಹರಿಗೋಲು ಕೊಡಿ ಅಂತ ಕೇಳಿ ನೋಡು, ಮೇಷ್ಟ್ರು ಬಂದರು ಅಂತಾರೆ.

ಮದ್ದೂರ್_ವಡೆ

ಎಲ್ಲರೂ ತಪ್ಪು ಹೇಳಿದರೆ ಸರಿ ಆಗಿಬಿಡುತ್ತಾ?

ಏರಿಮೇಲೆ

ಭಾಷೆ ವಿಷಯದಲ್ಲಿ ಆಗುತ್ತೆ. ತೆಪ್ಪ ಅನ್ನಿ, ಹರಿಗೋಲು ಅನ್ನಿ, ಅದರಲ್ಲಿ ಎದ್ದು ನಿಂತು ಎಳೆಯಬೇಡಿ. ಲೈಫ್ ಜಾಕೆಟ್ ಹಾಕಿಕೊಳ್ಳಿ. ತಾವರೆ ಬಳ್ಳಿಯಲ್ಲಿ ಕಾಲು ಸಿಕ್ಕಿದರೆ ಈಜು ಬಂದರೂ ಉಪಯೋಗಕ್ಕೆ ಬರಲ್ಲ.

ಹೊಸಗಾಳ, ಬುಧವಾರ

ಇವತ್ತು ರಜಾ ಹಾಕಿ ಹೋಗಿದ್ದೆ. ಎರಡು ಕಲ್ಲು ಕಟ್ಟಿ ತೆಪ್ಪ ನಿಲ್ಲಿಸಿದೆವು. ಅಲ್ಲಾಡಲಿಲ್ಲ. ಮೂರು ಹೊಡೆತ. ಮೊದಲಿನದಕ್ಕೆ ಎರಡು ಎಣಿಸಿದೆ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಕೋಪ ಬಂದು ಎಣಿಸಲೇ ಇಲ್ಲ. ಮೂರೂ ಹೋಯಿತು. ಜೊತೆಗೆ ಅರ್ಧ ದಿನದ ಸಂಬಳ.

ಕಪ್ಪೆರಾಯ

ಕಪ್ಪೆಯ ಗಾಳವನ್ನು ಇಕ್ಕಳದಲ್ಲಿ ಸ್ವಲ್ಪ ಮೇಲಕ್ಕೆ ಬಗ್ಗಿಸು. ಮತ್ತೆ ಐದು ಎಣಿಸು.

ಕಬಿನಿ ಕಾಕ

ಐದಂತೆ! ಎಣಿಸಿದ್ದು ಸಾಕು. ಈ ಊರಲ್ಲಿ ಮೀನು ಹಿಡಿಯುವುದು ಅಂದರೆ ಏನು ಗೊತ್ತಾ? 1946ರಲ್ಲಿ ನಮ್ಮ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿವೆಟ್ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು (ಮಹಶೀರ್) ಹಿಡಿದರು. 54 ಕಿಲೋ! ಸತ್ತ ಹುಲಿ, ಚಿರತೆಯ ಚರ್ಮವನ್ನು ಜೀವಂತ ಪ್ರಾಣಿಯ ಹಾಗೆ ನಿಲ್ಲಿಸುತ್ತಿದ್ದ ಅದೇ ಮನೆತನ. ಬಾಸ್ ಬಾಸ್ ಅನ್ನುತ್ತೀರಲ್ಲ, ಅದರ ದಾಖಲೆ 1932ರಲ್ಲಿ ಜಾರ್ಜಿಯಾದಲ್ಲಿ ಆಗಿದ್ದು, 22 ಪೌಂಡ್ ಚಿಲ್ಲರೆ. ನಮ್ಮಲ್ಲಿ ಅದು ಗಾಳಕ್ಕೆ ಕಟ್ಟುವ ಮೀನಿನ ಲೆಕ್ಕ.

ಏರಿಮೇಲೆ

ಆ ಗೂನುಬೆನ್ನಿನ ಬಿಳಿಮೀನು ಈಗ ಉಳಿದಿದ್ದರೆ ತಾನೇ ಕಾಕ. 2018ರಲ್ಲಿ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ) ಅದನ್ನು ತೀರಾ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲದ ಮೀನು ಅದು.

ತೂಬಿನ ಹತ್ತಿರ

ಮತ್ತೆ ಕೇಳುತ್ತಿದ್ದೇನೆ. ರಾಡ್ ಬದಲಾಯಿಸಿಕೊಂಡು ನೋಡಿದಿರಾ? ಎಳೆದಾಗ ರೀಲ್ ಏನು ಮಾಡುತ್ತೆ?

ಹೊಸಗಾಳ

ಕ್ಷಮಿಸಿ ಸಾರ್, ಗಮನಿಸಿರಲಿಲ್ಲ. ರಾಡ್ ಬದಲಾಯಿಸಿಲ್ಲ, ಅವನು ಎಡಗೈಯವನು. ರೀಲ್ ಏನೂ ಮಾಡಲ್ಲ. ಡ್ರ್ಯಾಗ್ (ರೀಲಿನ ಬ್ರೇಕ್) ಫುಲ್ ಟೈಟ್. ಎಳೆದಾಗ ದಾರ ಒಂದೆರಡು ಗೇಣು ಬಿಟ್ಟುಕೊಳ್ಳುತ್ತೆ, ಅದು ಮಾಮೂಲಿ ಅಲ್ವಾ?

ತೂಬಿನ ಹತ್ತಿರ

ಮಾಮೂಲಿ ಅಲ್ಲ. ಇದನ್ನು ಮೊದಲ ದಿನವೇ ಬರೆಯಬೇಕಿತ್ತು. ಬ್ರೇಡ್ ಹಾಕಿದ್ದು ಯಾರು? ಸ್ಪೂಲಿನ (ರೀಲಿನಲ್ಲಿ ದಾರ ಸುತ್ತುವ ಉರುಳೆ) ಮೇಲೆ ಮೊದಲು ಏನು ಸುತ್ತಿದಿರಿ?

ಹೊಸಗಾಳ

ನಾನೇ ಹಾಕಿದ್ದು. ಇಬ್ಬರೂ ಸೇರಿ 150 ಮೀಟರಿನ ಒಂದು ಸುರುಳಿ ತಂದು ಅರ್ಧರ್ಧ ಹಂಚಿಕೊಂಡೆವು. ದುಡ್ಡು ಜಾಸ್ತಿ ಅಲ್ವಾ. ನಾನು ಹಳೇ ನೈಲಾನ್ ಎಲ್ಲ ಬಿಚ್ಚಿ, ಸ್ಪೂಲನ್ನು ಬಟ್ಟೆಯಲ್ಲಿ ಪಳಪಳ ಒರೆಸಿ, ನೇರವಾಗಿ ಬ್ರೇಡ್ ಕಟ್ಟಿ ಸುತ್ತಿದೆ. ಗೆಳೆಯ ಸೋಮಾರಿ. ಹಳೇ ನೈಲಾನಿನ ಮೇಲೇ ಗಂಟು ಹಾಕಿ ಸುತ್ತಿಕೊಂಡ.

ತೂಬಿನ ಹತ್ತಿರ

ಆ ಸೋಮಾರಿತನಕ್ಕೇ ಅವನಿಗೆ ಮೀನು ಸಿಗುತ್ತಿರೋದು.

ನೈಲಾನ್ ಹಿಗ್ಗುತ್ತೆ. ಬಿಗಿಯಾಗಿ ಸುತ್ತಿದರೆ ಸ್ಪೂಲನ್ನು ಕಚ್ಚಿ ಹಿಡಿಯುತ್ತೆ. ಬ್ರೇಡ್ ಹಿಗ್ಗಲ್ಲ, ಮೇಲಾಗಿ ಜಾರುವ ನೂಲು. ಬೋಳು ಲೋಹದ ಮೇಲೆ ಸುತ್ತಿದರೆ ಸುರುಳಿಗೆ ಸುರುಳಿಯೇ ಬಳೆ ತಿರುಗಿದ ಹಾಗೆ ಸ್ಪೂಲಿನ ಮೇಲೆ ತಿರುಗುತ್ತೆ. ಡ್ರ್ಯಾಗ್ ಎಷ್ಟು ಬಿಗಿ ಮಾಡಿದರೂ ಉಪಯೋಗ ಇಲ್ಲ, ಯಾಕೆಂದರೆ ಡ್ರ್ಯಾಗ್ ಹಿಡಿಯುವುದು ಸ್ಪೂಲನ್ನು, ದಾರವನ್ನಲ್ಲ. ಸುಮ್ನೆ ಕಪ್ಪೆ ಎಳೆಯುವಾಗ ಗೊತ್ತಾಗಲ್ಲ. ಜೋರಾಗಿ ಎತ್ತಿದಾಗ ಮಾತ್ರ ಜಾರುತ್ತೆ. ಗಾಳ ಆ ಮೂಳೆ ಬಾಯೊಳಗೆ ಇಳಿಯಲ್ಲ.

ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಸ್ಪೂಲಿನ ಅಂಚಿನ ಮೇಲೆ ಒಂದು ಚುಕ್ಕೆ ಇಡಿ, ಸುತ್ತಿರುವ ದಾರದ ಮೇಲೆ ಅದಕ್ಕೆ ನೇರವಾಗಿ ಇನ್ನೊಂದು. ದಾರದ ತುದಿಯನ್ನು ಎಲ್ಲಾದರೂ ಕಟ್ಟಿ ಜೋರಾಗಿ ಎಳೆಯಿರಿ. ಎರಡೂ ಚುಕ್ಕೆ ಒಟ್ಟಿಗೆ ತಿರುಗಿದರೆ ಡ್ರ್ಯಾಗ್ ಜಾರುತ್ತಿದೆ, ವಾಷರಿಗೆ ಎಣ್ಣೆ ಹೋಗಿರಬೇಕು. ಸ್ಪೂಲಿನ ಚುಕ್ಕೆ ನಿಂತಲ್ಲೇ ನಿಂತು ದಾರದ ಚುಕ್ಕೆ ಮಾತ್ರ ಸರಿದರೆ ನಾನು ಹೇಳಿದ್ದೇ.

ಕಪ್ಪೆರಾಯ

ಇದೂ ಇರಬಹುದು. ಆದರೆ ಎಣಿಸುವುದು ಬಿಡಬೇಡ.

ಹೊಸಗಾಳ, ಗುರುವಾರ ರಾತ್ರಿ

ಮಾಡಿದೆ. ಮನೆ ಗೇಟಿನ ಸರಳಿಗೆ ದಾರ ಕಟ್ಟಿದೆ. ಚುಕ್ಕೆ ಇಡಲು ಮಗಳ ಕೆಂಪು ನೇಲ್ ಪಾಲಿಶ್ (ಅವಳಿಗೆ ಹೊಸದು ಕೊಡಿಸಬೇಕಂತೆ). ಅವಳು ಟಾರ್ಚ್ ಹಿಡಿದು ರೀಲಿಗೆ ಮೂಗು ತಾಗಿಸಿಕೊಂಡು ಕೂತಳು. ನಾನು ಮೀನು ಹೊಡೆದಾಗ ಎತ್ತುವ ಹಾಗೇ ಎತ್ತಿದೆ. ಗೇಟು ಧಡಾರ್ ಅಂದಿತು, ಬೀದಿ ನಾಯಿ ಬೊಗಳಿತು. "ಅಪ್ಪಾ, ಹೊರಗಿನ ಚುಕ್ಕೆ ಅಲ್ಲೇ ಇದೆ, ದಾರದ್ದು ಆ ಕಡೆ ಓಡಿಹೋಯ್ತು" ಅಂದಳು. ಮೂರು ಸಲ ಮಾಡಿದೆ. ಮೂರು ಸಲವೂ ಅದೇ.

ಸಾರ್, ಈಗ ಪೂರಾ ಬಿಚ್ಚಬೇಕಾ?

ತೂಬಿನ ಹತ್ತಿರ

ಪೂರಾ ಬಿಚ್ಚಲೇಬೇಕು. ಕೆಳಗೆ ಎಂಟು ಹತ್ತು ಮೀಟರ್ ನೈಲಾನ್ ಬಿಗಿಯಾಗಿ ಸುತ್ತಿ. ಅದಕ್ಕೆ ಬ್ರೇಡನ್ನು ಡಬಲ್ ಯೂನಿ ಗಂಟಿನಲ್ಲಿ ಸೇರಿಸಿ, ಗಂಟಿಗೆ ಎಂಜಲು ಹಚ್ಚಿ ಎಳೆಯಿರಿ, ಒದ್ದೆ ಮಾಡದೆ ಎಳೆದರೆ ದಾರ ಸುಡುತ್ತೆ. ನೈಲಾನ್ ಇಲ್ಲದಿದ್ದರೆ ಎಲೆಕ್ಟ್ರಿಕ್ ಅಂಗಡಿಯ ಇನ್ಸುಲೇಶನ್ ಟೇಪ್ ಒಂದೇ ಸುತ್ತು ಸಾಕು. ಬ್ರೇಡ್ ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿ ಸುತ್ತಿ. ಸಡಿಲವಾದರೆ ಮೇಲಿನ ಸುತ್ತು ಕೆಳಗಿನದರ ಒಳಗೆ ಹೂತುಕೊಳ್ಳುತ್ತೆ, ಎಸೆಯುವಾಗ ದಾರ ಸಿಕ್ಕಾಗಿ ಗೂಡು ಕಟ್ಟುತ್ತೆ.

ಕಬಿನಿ ಕಾಕ

ನನ್ನ ಅಂಬಾಸಡರಿನಲ್ಲಿ ಇದ್ಯಾವುದೂ ಆಗಲ್ಲ.

ತೂಬಿನ ಹತ್ತಿರ

ಅದರಲ್ಲಿ ಯಾವ ದಾರ ಹಾಕಿದ್ದೀರಿ ಕಾಕ?

ಕಬಿನಿ ಕಾಕ

ನೈಲಾನ್.

ಹೊಸಗಾಳ, ಭಾನುವಾರ ಸಂಜೆ

ಬಂತು! ಎಂಟೂವರೆಗೆ, ಜೊಂಡಿನ ಪಕ್ಕ. ಎತ್ತಿದೆ, ರಾಡ್ ಬಗ್ಗಿದ್ದು ಬಗ್ಗಿದ ಹಾಗೇ ನಿಂತಿತು. ಇಷ್ಟು ದಿನ ಇದೇ ಇರಲಿಲ್ಲ. ಮೀನು ತಾವರೆ ದಂಟು ಸುತ್ತಿಕೊಂಡಿತು. ಕೊನೆಗೆ ನಾವೇ ತೆಪ್ಪವನ್ನು ಅದರ ಹತ್ತಿರ ತೆಗೆದುಕೊಂಡು ಹೋಗಿ ಸೊಪ್ಪಿನ ಸಮೇತ ಎತ್ತಿದೆವು. ಗೆಳೆಯನ ತಕ್ಕಡಿಯಲ್ಲಿ ಒಂದೂಕಾಲು ಕಿಲೋ, ಸೊಪ್ಪು ತೆಗೆದ ಮೇಲೆ. ಎರಡನೆಯದು ತೆಪ್ಪದ ಅಂಚಿಗೆ ಬಂದು ಒದರಿಕೊಂಡು ಹೋಯಿತು. ಹೋಗಲಿ ಬಿಡಿ, ಅದು ಮೀನಿನ ಚಾಲಾಕಿ, ನನ್ನ ತಪ್ಪಲ್ಲ. ತೂಬಿನ ಹತ್ತಿರ ಸಾರ್, ಮಂಡ್ಯ ಕಡೆ ಬಂದರೆ ಹೇಳಿ, ಊಟ ನಮ್ಮನೇಲಿ.

ಗೆಳೆಯನಿಗೆ ಇವತ್ತು ಒಂದೂ ಇಲ್ಲ. ಚಿತ್ರಾನ್ನ ನಾನು ತಿಂದೆ.

ಎಡಗೈ

ಆ ಗೆಳೆಯ ನಾನೇ. ಖಾತೆ ಈಗ ತಾನೇ ಮಾಡಿದೆ. ನನ್ನ ಕಪ್ಪೆಯೊಳಗೆ ನೀರು ತುಂಬುತ್ತಿದೆ, ನಾಲ್ಕು ಎಸೆತಕ್ಕೇ ಮುಳುಗುತ್ತೆ. ಹಿಂಡಿದರೆ ಗಾಳ ಹೊರಗೆ ಬರುವ ತೂತಿನಿಂದ ಬುಳುಬುಳು ಅಂತ ಬರುತ್ತೆ. ಹೊಡೆತ ಬರುತ್ತೆ, ಮೀನು ಸಿಗುತ್ತಿಲ್ಲ. ಏನು ಮಾಡಲಿ?

ಕಪ್ಪೆರಾಯ

ಹೊಡೆದ ಮೇಲೆ ಎಷ್ಟು ಎಣಿಸುತ್ತೀರಿ?