ಅಪ್‌ಡೇಟ್: ಕೊನೆಗೂ ಪ್ರಿಂಟರ್ ತಂದೆವು

ಮನೆಗೆ ಕಡಿಮೆ ಖರ್ಚಿನ, ಕೈಕೊಡದ ಪ್ರಿಂಟರ್ ಯಾವುದು ಅಂತ ಕೇಳಿದ್ದೆ, ನೆನಪಿದೆಯಲ್ವಾ? ಮಗಳ ವರ್ಕ್‌ಶೀಟ್, ಅಮ್ಮನ ಔಷಧಿ ಬಿಲ್‌ಗಳ ಜೆರಾಕ್ಸ್, ಆಧಾರ್ ಪ್ರತಿ. ನಮ್ಮ ಕೆಲಸ ಇಷ್ಟೇ. ಹಳೆಯ ಕಾರ್ಟ್ರಿಜ್ ಪ್ರಿಂಟರ್ ಎರಡು ವಾರ ಮುಟ್ಟದಿದ್ದರೆ ಇಂಕ್ ಒಣಗಿ ಗೆರೆಗೆರೆಯಾಗಿ ಬರುತ್ತಿತ್ತು.

ನಿಮ್ಮಲ್ಲಿ ಹೆಚ್ಚಿನವರು ಇಂಕ್ ಟ್ಯಾಂಕ್ ಪ್ರಿಂಟರ್, ಅಂದರೆ ಬಾಟಲಿಯಿಂದ ಇಂಕ್ ತುಂಬಿಸುವಂಥದ್ದು ತಗೊಳ್ಳಿ ಅಂದಿರಿ. ಪುಟಕ್ಕೆ ಖರ್ಚು ಕಡಿಮೆ, ಬಣ್ಣವೂ ಬರುತ್ತದೆ, ನಿಜ. ಆದರೆ ಒಬ್ಬರು ಕೇಳಿದ್ದು ತಲೆಯಲ್ಲಿ ಉಳಿಯಿತು: 'ವಾರಕ್ಕೊಮ್ಮೆಯಾದರೂ ಪ್ರಿಂಟ್ ತೆಗೀತೀರಾ?' ಇಲ್ಲ. ಬೇಸಿಗೆ ರಜೆಯಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬೀಗ ಹಾಕಿ ಒಂದು ತಿಂಗಳು ಧಾರವಾಡದಲ್ಲಿ ಇರುತ್ತೇವೆ. ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ಇಂಕ್ ಹೊರಬರುವ ತೂತುಗಳು ಕೂದಲಿಗಿಂತ ಸಣ್ಣ. ಸುಮ್ನೆ ಬಿಟ್ಟರೆ ಕಟ್ಟಿಕೊಳ್ಳುತ್ತವೆ. ಲೇಸರ್ ಪ್ರಿಂಟರ್‌ನಲ್ಲಾದರೆ ಇಂಕ್ ಬದಲು ಟೋನರ್ ಅನ್ನೋ ಪುಡಿ ಇರುತ್ತದೆ, ಒಣಗುವ ಮಾತೇ ಇಲ್ಲ.

ಹಾಗಾಗಿ ಮುಂಬಯಿಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಕಪ್ಪು-ಬಿಳುಪು ಲೇಸರ್ ತಂದೆವು. ಸ್ಕ್ಯಾನರ್, ವೈಫೈ ಎರಡೂ ಇವೆ. ಕನ್ನಡದ ಒತ್ತಕ್ಷರಗಳು ಎಷ್ಟು ಸ್ಪಷ್ಟವಾಗಿ ಬರುತ್ತವೆ ಗೊತ್ತಾ! ಅಮ್ಮ ಕನ್ನಡಕವಿಲ್ಲದೆ ಓದಿದರು. ಫೋಟೊ ಬೇಕಾದಾಗ ಸ್ಟೇಷನ್ ಹತ್ತಿರದ ಅಂಗಡಿಗೇ ಹೋಗುತ್ತೇವೆ.

ಕೊಳ್ಳುವವರು ಬದಲಿ ಟೋನರ್ ಬೆಲೆಯನ್ನು ಮೊದಲೇ ಕೇಳಿ. ಎಷ್ಟೋ ಪ್ರಿಂಟರ್‌ಗಳ ಜೊತೆ ಬರುವ ಟೋನರ್ ಪೂರ್ತಿ ತುಂಬಿರುವುದಿಲ್ಲ.

ಜುಲೈಯಲ್ಲಿ ಎರಡು ಸಲ ಪೇಪರ್ ಸಿಕ್ಕಿಕೊಂಡಿತು. ಮುಂಬಯಿ ಮಳೆಗೆ ಕಾಗದ ತೇವ ಹೀರುತ್ತದೆ, ಲೇಸರ್‌ನ ಬಿಸಿಗೆ ಸುರುಳಿಯಾಗುತ್ತದೆ. ಈಗ ಕಾಗದವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಬೇಕಾದಷ್ಟೇ ಟ್ರೇಗೆ ಹಾಕುತ್ತೇನೆ. ಆಮೇಲೆ ತೊಂದರೆಯಾಗಿಲ್ಲ. 'ವಾರಕ್ಕೊಮ್ಮೆಯಾದರೂ' ಅಂತ ಪ್ರಶ್ನೆ ಕೇಳಿದವರಿಗೆ ತುಂಬಾ ಥ್ಯಾಂಕ್ಸ್.