ಸೀಮೆಎಣ್ಣೆ ಹಚ್ಚಿದ್ರೆ ಉಣುಗು ಸಾಯುತ್ತೆ, ನಾಯಿ?

*ಅಜ್ಜಿಮನೆ ಬಳಗ*

ಸುರೇಶ (ಸಾಗರ), ಬೆ. 9:12
_ಫಾರ್ವರ್ಡ್ ಆಗಿದೆ_
ನಾಯಿ ಉಣುಗಿಗೆ 5 ನಿಮಿಷದ ಮನೆಮದ್ದು!! ತೆಂಗಿನೆಣ್ಣೆ 100 ಮಿಲಿ, ಸೀಮೆಎಣ್ಣೆ 50 ಮಿಲಿ, ಕರ್ಪೂರ 10 ಬಿಲ್ಲೆ. ಕಲಸಿ ಮೈಗೆಲ್ಲ ಹಚ್ಚಿ. ದಿನಾ ಅನ್ನಕ್ಕೆ 4 ಎಸಳು ಬೆಳ್ಳುಳ್ಳಿ. ಎಲ್ಲರಿಗೂ ಕಳಿಸಿ 🙏🙏

ಅನಿತಾ (ವೆಟರ್ನರಿ), 9:20
ಮಾವ, ಕರಿಯನಿಗೆ ಹಚ್ಚಿಬಿಟ್ರಾ? ಹಚ್ಚಿದ್ರೆ ಈಗಲೇ ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಎರಡು ಸಲ ತೊಳೀರಿ.

ಸುರೇಶ, 9:22
ಇಲ್ಲ ಮಾರಾಯ್ತಿ, ಕಲಸಿಟ್ಟಿದ್ದೇನೆ ಅಷ್ಟೆ. ಬೆಳಿಗ್ಗೆ ಅವನಿಗೆ ಸ್ನಾನ ಆಗಿದೆ. ಏನಾಗುತ್ತೆ ಹಚ್ಚಿದ್ರೆ? ಅಜ್ಜನ ಕಾಲದಿಂದ ಮಾಡಿದ್ದೇ ಅಲ್ವಾ.

ಅನಿತಾ, 9:29
ಸೀಮೆಎಣ್ಣೆ ಚರ್ಮ ಸುಡುತ್ತೆ. ನಾಯಿ ನೆಕ್ಕೇ ನೆಕ್ಕುತ್ತೆ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ. ಕರ್ಪೂರ ಹೊಟ್ಟೆಗೆ ಹೋದ್ರೆ ಫಿಟ್ಸ್. ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ, ಉಣುಗಿನಿಂದ ಬರೋ ಬಬೇಸಿಯಾ ರೋಗ ಕೂಡ ಮಾಡೋದು ಅದೇ ಕೆಲಸ. ಎರಡೂ ಸೇರಿದ್ರೆ ರಕ್ತಹೀನತೆಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ.

ಸುರೇಶ, 9:31
ಎಣ್ಣೆ ಹಾಕಿದ್ರೆ ಉಸಿರುಕಟ್ಟಿ ತಾನೇ ಉದುರುತ್ತಲ್ಲ?

ಅನಿತಾ, 9:36
ಉಣುಗಿಗೆ ಗಂಟೆಗೆ ಕೆಲವೇ ಸಲ ಉಸಿರಾಡಿದ್ರೆ ಸಾಕು, ಅಷ್ಟು ಬೇಗ ಉಸಿರು ಕಟ್ಟಲ್ಲ. ಎಣ್ಣೆ, ಬೆಂಕಿಕಡ್ಡಿ, ಸುಣ್ಣ ತಾಗಿಸಿ ಕೆಣಕಿದ್ರೆ ಹೊಟ್ಟೇಲಿದ್ದದ್ದನ್ನ ಗಾಯಕ್ಕೇ ಕಾರಬಹುದು. ಚೂಪು ತುದಿಯ ಚಿಮ್ಟ ತಗೊಳ್ಳಿ. ಹೊಟ್ಟೆ ಹಿಡೀಬೇಡಿ, ಚರ್ಮಕ್ಕೆ ತಾಗೋ ಹಾಗೆ ಬಾಯಿಯ ಬುಡ ಹಿಡಿದು ನಿಧಾನಕ್ಕೆ ನೇರ ಮೇಲಕ್ಕೆ ಎಳೀರಿ. ತಿರುಚಬೇಡಿ. ತೆಗೆದದ್ದನ್ನ ಸ್ಪಿರಿಟ್ ಹಾಕಿದ ಡಬ್ಬಿಗೆ ಬಿಡಿ. ಉಗುರಲ್ಲಿ ಕುಕ್ಕೋದು ಬೇಡವೇ ಬೇಡ.

ಕಿರಣ (ಬೆಂಗಳೂರು), 9:38
ಅತ್ತಿಗೆ, ಬಾಯಿ ತುಂಡಾಗಿ ಒಳಗೇ ಉಳಿದ್ರೆ?

ಅನಿತಾ, 9:39
ಸೂಜಿ ಹಾಕಿ ಕೆದಕಬೇಡ. ಸಣ್ಣ ಗಂಟಾಗಿ ಕೆಲವು ದಿನದಲ್ಲಿ ದೇಹವೇ ಹೊರಹಾಕುತ್ತೆ. ಕೀವಾದ್ರೆ ಮಾತ್ರ ತೋರಿಸು.

ಲಲಿತಾ, 9:44
ಎಲ್ಲರೂ ಕಿವಿ ಒಂದೇ ನೋಡ್ತೀರಿ. ಬೆರಳ ಸಂದಿ, ಕಂಕುಳು, ತೊಡೆಸಂದು, ಬಾಲದ ಬುಡ, ಕತ್ತಿನ ಪಟ್ಟಿಯ ಅಡಿ ಎಲ್ಲ ಬೆರಳಾಡಿಸಬೇಕು. ಹರಳುಬೀಜದ ಹಾಗೆ ಉಬ್ಬಿರೋದು ಹೆಣ್ಣು. ಪಕ್ಕದಲ್ಲೇ ಚಪ್ಪಟೆ ಕಂದು ಬಣ್ಣದ ಗಂಡು ಇರುತ್ತೆ, ಹುಡುಕಿ.

ಸುರೇಶ, 9:50
ಸರಿ, ಸೀಮೆಎಣ್ಣೆ ಬಿಟ್ಟೆ. ಕೊಟ್ಟಿಗೆಯಲ್ಲಿ ದನಕ್ಕೆ ಹೊಡೆಯೋ ಉಣುಗಿನ ಮದ್ದು ಅಮಿಟ್ರಾಜ್ ಇದೆ, 12.5 ಪರ್ಸೆಂಟ್. ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕ್ಲಾ?

ಶ್ರೀಧರ (ಮೆಡಿಕಲ್ಸ್), 9:53
ಮುಚ್ಚಳದ ಲೆಕ್ಕ ಯಾವ ಮದ್ದಿಗೂ ಬೇಡ ಸುರೇಶ. ಒಂದೊಂದು ಕಂಪನಿ ಮುಚ್ಚಳ ಒಂದೊಂದು ಗಾತ್ರ. 12.5 ಪರ್ಸೆಂಟ್ ಅಂದ್ರೆ ಒಂದು ಮಿಲಿಯಲ್ಲಿ 125 ಮಿಲಿಗ್ರಾಂ. ಲೀಟರಿಗೆ 2 ಮಿಲಿ ಹಾಕಿದ್ರೆ 250 ಮಿಲಿಗ್ರಾಂ, ಅಂದ್ರೆ 0.025 ಪರ್ಸೆಂಟ್. ಸಿರಿಂಜಲ್ಲಿ ಅಳಿ, ಕೈಗೆ ಗ್ಲೌಸ್ ಹಾಕು.

ಅನಿತಾ, 10:01
ದೊಡ್ಡಪ್ಪನ ಲೆಕ್ಕ ಸರಿ, ಆದ್ರೆ ನನಗೆ ಇದು ಮೊದಲ ಆಯ್ಕೆ ಅಲ್ಲ. 4 ತಿಂಗಳೊಳಗಿನ ಮರಿಗೆ, ಸಕ್ಕರೆ ಕಾಯಿಲೆ ಇರೋ ನಾಯಿಗೆ, ಗಾಯ ಇರೋ ಮೈಗೆ ಕೂಡದು. ಮದ್ದಿನ ನೀರು ಹಚ್ಚಿದ ಮೇಲೆ ತೊಳೆಯೋ ಹಾಗಿಲ್ಲ, ನೆರಳಲ್ಲಿ ಒಣಗೋವರೆಗೆ ನೆಕ್ಕದ ಹಾಗೆ ಕಾಯಬೇಕು. ಜಾಸ್ತಿಯಾದ್ರೆ ತೂಕಡಿಸುತ್ತೆ, ಓಲಾಡುತ್ತೆ, ಎದೆಬಡಿತ ಇಳಿಯುತ್ತೆ. ಮಿಕ್ಕಿದ ನೀರು ನಾಳೆಗೆ ಇಡಬೇಡಿ, ಹೊಳೆಗೂ ಚೆಲ್ಲಬೇಡಿ, ಮೀನು ಸಾಯುತ್ತೆ.

ಕಿರಣ, 10:04
ಇಲ್ಲಿ ಪೆಟ್ ಶಾಪಿನವರು ಪರ್ಮೆಥ್ರಿನ್ ಪೌಡರ್ ಕೊಟ್ರು. ಬೆಕ್ಕಿಗೂ ಹಾಕಬಹುದಾ?

ಅನಿತಾ, 10:04
ಬೇಡ!! ಬೆಕ್ಕಿಗೆ ಪರ್ಮೆಥ್ರಿನ್ ವಿಷ. ನಡುಕ, ಫಿಟ್ಸ್ ಬಂದು ಸಾಯುತ್ತೆ. ನಾಯಿಗೆ ಹಾಕಿದ್ರೂ ಬೆಕ್ಕು ಹತ್ತಿರ ಮಲಗಬಾರದು. ಆ ಡಬ್ಬಿ ವಾಪಸ್ ಕೊಡು.

ಸುರೇಶ, 10:10
ಹಾಗಾದ್ರೆ ದನಕ್ಕೆ ಕೊಡೋ ಐವರ್ಮೆಕ್ಟಿನ್ ಇಂಜೆಕ್ಷನ್? ಒಂದೇ ಸೂಜಿಗೆ ಮುಗೀತು.

ಅನಿತಾ, 10:14
ಕಜ್ಜಿ ಹುಳಕ್ಕೆ ಅದು ಸರಿ, ಉಣುಗಿಗೆ ನೆಚ್ಚೋ ಹಾಗಿಲ್ಲ. ಕೋಲಿ ಜಾತಿಯ ನಾಯಿಗಳಲ್ಲಿ ಒಂದು ಜೀನಿನ ದೋಷದಿಂದ ಅದು ಮಿದುಳಿಗೇ ನುಗ್ಗುತ್ತೆ. ಕರಿಯ ಊರನಾಯಿ ನಿಜ, ಆದ್ರೂ ದನದ ಡೋಸನ್ನ 20 ಕೆಜಿ ಪ್ರಾಣಿಗೆ ಅಳೆಯುವಾಗ ಒಂದು ಗೆರೆ ತಪ್ಪಿದ್ರೂ ಕೆಟ್ಟಿತು.

ಲಲಿತಾ, 10:21
ಅನಿತಾ, ನೀನು ನಾಯೀನೇ ನೋಡ್ತಿದ್ದೀಯ, ಗೋಡೆ ಯಾರು ನೋಡ್ತಾರೆ? ಮರಿ ಒಮ್ಮೆ ರಕ್ತ ಕುಡಿದು ಉದುರುತ್ತೆ, ಪೊರೆ ಬಿಟ್ಟು ಮತ್ತೆ ಹತ್ತುತ್ತೆ. ಹೀಗೆ ಮೂರು ಸಲ ಹತ್ತಿ ಇಳಿಯುತ್ತೆ. ಕೊನೆಗೆ ಹೆಣ್ಣು ಗೋಡೆ ಹತ್ತಿ ಬಿರುಕಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಮೈಮೇಲೆ ಹತ್ತು ಕಂಡ್ರೆ ಗೂಡಲ್ಲಿ ಎಷ್ಟಿವೆಯೋ. ಸುರೇಶ, ಕರಿಯ ಮಲಗೋ ಗೋಣಿಚೀಲ ಮೊದಲು ಸುಟ್ಟುಹಾಕು.

ಸುರೇಶ, 10:23
ಚೀಲ ಒಗೆದ್ರೆ ಸಾಲದಾ ಅಕ್ಕ?

ಲಲಿತಾ, 10:30
ತಣ್ಣೀರಲ್ಲಿ ಒಗೆದ್ರೆ ಅವಕ್ಕೆ ಸ್ನಾನ ಅಷ್ಟೆ. ಕುದಿಯೋ ನೀರು ಬೇಕು. ಆಮೇಲೆ ಗೂಡಿನ ಮೂಲೆ, ಬಾಗಿಲ ಚೌಕಟ್ಟಿನ ಹಿಂದೆ, ಜಂತಿಯ ಸಂದು ಟಾರ್ಚ್ ಬಿಟ್ಟು ನೋಡು. ಮೊಟ್ಟೆ ಕಂದು ಸಾಬಕ್ಕಿ ಚೂರಿನ ಹಾಗೆ ಗುಪ್ಪೆಯಾಗಿರುತ್ತೆ, ಕೆರೆದು ಬಿಸಿನೀರಿಗೆ ಹಾಕು. ಬಿರುಕಿಗೆ ಸಿಮೆಂಟ್ ಮೆತ್ತು.

ಅನಿತಾ, 10:37
ದೊಡ್ಡಮ್ಮ ಹೇಳಿದ್ದೇ ಮುಖ್ಯ, ನಾನು ಅದನ್ನ ಮೊದಲೇ ಹೇಳಬೇಕಿತ್ತು. ಬಿರುಕಿಗೆ ಡೆಲ್ಟಾಮೆಥ್ರಿನ್ ಅನ್ನೋ ಕೀಟನಾಶಕ ಹೊಡೆಸಿ. ಒಣಗೋವರೆಗೆ ನಾಯಿ, ಬೆಕ್ಕು, ಮಕ್ಕಳು ಹೊರಗಿರಲಿ. ಮೊಟ್ಟೆಗೆ ಮದ್ದು ಹತ್ತಲ್ಲ, ಅದಕ್ಕೇ ಎರಡು ಮೂರು ವಾರ ಬಿಟ್ಟು ಮತ್ತೆ ಹೊಡೀಬೇಕು. ಒಂದು ಸಲ ಹೊಡೆದು ನಿಲ್ಲಿಸಿದ್ರೆ ಮುಂದಿನ ತಿಂಗಳು 'ಮದ್ದು ಡೂಪ್ಲಿಕೇಟು' ಅಂತ ಅಂಗಡಿಯವನ ಜೊತೆ ಜಗಳ ಆಡ್ತೀರಿ.

ಸುರೇಶ, 10:41
ಮಂಗನ ಕಾಯಿಲೆ ಬರೋದು ಇದೇ ಉಣುಗಿಂದಾನಾ? ಉಣುಗು ಹತ್ತದ ಹಾಗೆ ಮೈಗೆ ಸವರೋಕೆ ಆರೋಗ್ಯ ಇಲಾಖೆಯವರು ಕೊಟ್ಟ ಡೇಪಾ ಎಣ್ಣೆ ಇದೆ, ಕರಿಯನಿಗೂ ಸವರಲಾ?

ಅನಿತಾ, 10:48
ಅದು ಬೇರೆ ಜಾತಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಆ ವೈರಸ್ಸನ್ನ ಮುಖ್ಯವಾಗಿ ಹರಡೋದು ಹಿಮಾಫೈಸಾಲಿಸ್ ಅನ್ನೋ ಕಾಡಿನ ಉಣುಗು. ಮನೆ ಗೋಡೇಲಿ ಸಂಸಾರ ಹೂಡೋದು ನಾಯಿಯ ಕಂದು ಉಣುಗು. ಆದ್ರೆ ದರಗೆಲೆಯಲ್ಲಿ ಓಡಾಡೋ ನಾಯಿ ಕಾಡಿನದ್ದನ್ನೂ ಮೈಮೇಲೆ ತರಬಹುದು. ಮಳೆ ನಿಂತ ಮೇಲೆ ಬೇಸಿಗೆ ಮುಗಿಯೋವರೆಗೆ ಕರಿಯನನ್ನ ಹಾಸಿಗೆ ಮೇಲೆ ಹತ್ತಿಸಬೇಡಿ. ಡೇಪಾ ನಿಮ್ಮ ಕೈಕಾಲಿಗೆ. ನಾಯಿ ನೆಕ್ಕುತ್ತೆ, ಬೇಡ.

ಶ್ರೀಧರ, 10:55
ಉಣುಗು ತೆಗೆದಾಯ್ತು ಅಂತ ಸುಮ್ಮನಾಗಬೇಡಿ. ಉಣುಗಿನಿಂದ ಬರೋ ಎರ್ಲಿಕಿಯಾ ರೋಗ ಒಂದರಿಂದ ಮೂರು ವಾರ ಬಿಟ್ಟು ಕಾಣುತ್ತೆ. ಜ್ವರ 103 ಡಿಗ್ರಿ ದಾಟಿದ್ರೆ, ಊಟ ಬಿಟ್ರೆ, ವಸಡು ಬಿಳಿಚಿದ್ರೆ, ಮೂಗಲ್ಲಿ ರಕ್ತ ಬಂದ್ರೆ ಪ್ಲೇಟ್‌ಲೆಟ್ ಎಣಿಸಿ, ರಕ್ತದ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ನೋಡೋ ಪರೀಕ್ಷೆ) ಮಾಡಿಸಿ. ಜ್ವರ ಅಂತ ಮನುಷ್ಯರ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ಡಾಕ್ಟರ್ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಬರೆದ್ರೆ ಸಾಮಾನ್ಯವಾಗಿ 28 ದಿನ. ಐದನೇ ದಿನ ಅನ್ನ ತಿಂತು ಅಂತ ನಿಲ್ಲಿಸೋರೇ ಜಾಸ್ತಿ.

ಅನಿತಾ, 10:58
ಮತ್ತೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ರೆ ಬಬೇಸಿಯಾ ಇರಬಹುದು. ಅದಕ್ಕೆ ಡಾಕ್ಸಿ ಒಂದೇ ಸಾಲದು. ಅವತ್ತೇ ಆಸ್ಪತ್ರೆಗೆ.

ಸುರೇಶ, 11:03
ಇಷ್ಟೆಲ್ಲ ಆಯ್ತು, ಈಗ ಮೈಗೆ ಏನು ಹಾಕಲಿ ಹೇಳು.

ಅನಿತಾ, 11:09
ಕತ್ತಿನ ಹಿಂದೆ ಬಿಡೋ ಫಿಪ್ರೊನಿಲ್ ಹನಿಗೆ ಎರಡು ದಿನ ಹಿಂದೆ, ಎರಡು ದಿನ ಮುಂದೆ ಸ್ನಾನ ಇರಬಾರದು. ಕರಿಯ ದಿನಾ ಹೊಳೆಗೆ ಹಾರ್ತಾನೆ, ಇವತ್ತು ಸ್ನಾನ ಬೇರೆ ಆಗಿದೆ. ಅವನಿಗೆ ಫ್ಲೂರಲನರ್ ಮಾತ್ರೆ ವಾಸಿ, 12 ವಾರ ನಡೆಯುತ್ತೆ. ಊಟದ ಜೊತೆಗೇ ಕೊಡಬೇಕು, ಬರಿಹೊಟ್ಟೆಗೆ ಕೊಟ್ರೆ ಸರಿಯಾಗಿ ಹೀರಲ್ಲ. ಮೊದಲು ಎಂದಾದ್ರೂ ಫಿಟ್ಸ್ ಬಂದಿದ್ರೆ ಮಾತ್ರ ಬೇಡ.

ಕಿರಣ, 11:11
ಉಣುಗು ಕಚ್ಚಿದ ಮೇಲೆ ತಾನೇ ಆ ಮಾತ್ರೆ ಸಾಯಿಸೋದು? ಅಷ್ಟರೊಳಗೆ ರೋಗ ದಾಟಿರಲ್ವಾ?

ಅನಿತಾ, 11:13
ದಾಟಬಹುದು, ಎರ್ಲಿಕಿಯಾಗೆ ಕೆಲವೇ ಗಂಟೆ ಸಾಕು. ಅದಕ್ಕೇ ದೊಡ್ಡಮ್ಮನ ಗೋಡೆ ಬಿಡೋ ಹಾಗಿಲ್ಲ. ಮಾವ, ಫಿಟ್ಸ್ ಬಂದಿದೆಯಾ? ತೂಕ ಎಷ್ಟು?

ಸುರೇಶ, 11:15
ಫಿಟ್ಸ್ ಇಲ್ಲ. ತೂಕ 25 ಇರಬಹುದು. ದೊಡ್ಡ ನಾಯಿ ಮಾತ್ರೆ ಒಂದು ತಂದು ಪಕ್ಕದ ಮನೆ ನಾಯಿಗೆ ಅರ್ಧ ಕೊಟ್ರೆ ದುಡ್ಡು ಉಳಿಯುತ್ತೆ.

ಅನಿತಾ, 11:16
ತುಂಡು ಮಾಡಿದ್ರೆ ಮದ್ದು ಎರಡೂ ಕಡೆ ಸಮ ಇರುತ್ತೆ ಅಂತ ಖಾತ್ರಿ ಇಲ್ಲ. ಅಂದಾಜೂ ಬೇಡ. ಅಡಿಕೆ ತೂಗೋ ಕಾಟಾ ಇದೆಯಲ್ಲ, ಅವನನ್ನ ಎತ್ತಿಕೊಂಡು ನಿಲ್ಲಿ, ನಿಮ್ಮ ತೂಕ ಕಳೀರಿ.

ಸುರೇಶ, 11:34
ನಾನು 71.5. ಇಬ್ಬರೂ ಸೇರಿ 90. ನಾಯಿ 18.5!!

ಅನಿತಾ, 11:35
ಹಾಗಾದ್ರೆ 10ರಿಂದ 20 ಕೆಜಿ ಪ್ಯಾಕೆಟ್. ಮಧ್ಯಾಹ್ನದ ಅನ್ನದ ಜೊತೆ.

ಲಲಿತಾ, 11:36
ಆ ಗೋಣಿಚೀಲ ಸುಟ್ಟಾಯ್ತಾ?